ದೆವ್ವಕ್ಕೆ ಉಡಿ ತುಂಬಿದ್ದು

ಮಕ್ಕಳಿಗಾಗಿ ಅಚ್ಚಾಗುವ ಕಥೆಗಳಲ್ಲಿ ದೆವ್ವಗಳಿಗೆ ಯಾಕೆ ಅಷ್ಟೊಂದು ಸಮೃದ್ಧವಾದ ಕೇಶರಾಶಿ ಇರುತ್ತದೆ ಎಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ. ನನ್ನ ಮೊಮ್ಮಗಳು ಶಾಲೆಯಿಂದ ತಂದ ಪುಸ್ತಕದ ಮುಖಪುಟದಲ್ಲಿ ಒಂದು ಪಾಳುಬಿದ್ದ ಬಂಗಲೆ, ಅದರ ಹಿಂದೆ ಬೇಕಾದ್ದಕ್ಕಿಂತ ದೊಡ್ಡ ಚಂದ್ರ, ಮುಂದೆ ಬಿಳಿ ಸೀರೆಯುಟ್ಟ ಒಬ್ಬ ಪ್ರೇತಸ್ತ್ರೀ; ಅವಳ ಬಿಚ್ಚುಗೂದಲು ಹೆಗಲು, ಬೆನ್ನು, ಸೊಂಟಗಳನ್ನು ದಾಟಿ ಪುಟದ ಅಂಚಿನವರೆಗೆ ಹರಿದು, ಪುಸ್ತಕ ಬರೆದವರ ಹೆಸರನ್ನೂ ಅರ್ಧ ಮುಚ್ಚಿಬಿಟ್ಟಿದೆ. ಕನ್ನಡಿಯ ಮುಂದೆ ನಿಂತಾಗಲೆಲ್ಲ ವೈರಾಗ್ಯವನ್ನು ಅಭ್ಯಾಸ ಮಾಡಬೇಕಾದ ತಲೆಯುಳ್ಳ ನನ್ನಂಥ ನಿವೃತ್ತ ಸಂಸ್ಕೃತ ಮಾಸ್ತರನಿಗೆ ಇಂಥ ಚಿತ್ರ ಕಂಡಾಗ ಭಯಕ್ಕಿಂತ ಮೊದಲು ಮತ್ಸರ ಹುಟ್ಟುತ್ತದೆ. ಆದರೆ ನನ್ನ ಆಕ್ಷೇಪಣೆಗೆ ಮತ್ಸರವೊಂದೇ ಕಾರಣವಲ್ಲ. ನಾನು ಚಿಕ್ಕವನಿದ್ದಾಗ ಬಾಗಲಕೋಟೆಯ ನಮ್ಮ ಮನೆಯಲ್ಲಿ ಒಂದು ದೆವ್ವವಿತ್ತು, ಮತ್ತು ಅದರ ತಲೆ ನುಣ್ಣಗೆ ಬೋಳಾಗಿತ್ತು.

ಈ ಪುಸ್ತಕಗಳ ಬಗ್ಗೆ ನನಗಿರುವ ಇನ್ನೊಂದು ತಕರಾರೆಂದರೆ ಅವುಗಳಲ್ಲಿಯ ದೆವ್ವಗಳ ಅನಾಥಸ್ಥಿತಿ. ಅವಕ್ಕೆ ಊರಿಲ್ಲ, ಮನೆತನವಿಲ್ಲ, ಗೋತ್ರವಿಲ್ಲ. ರಜೆಯಲ್ಲಿ ಯಾರೋ ಮಕ್ಕಳು ಆ ಬಂಗಲೆಗೆ ಬಂದಿಳಿಯುವವರೆಗೆ ಅವು ಅಲ್ಲಿ ಒಬ್ಬಂಟಿಯಾಗಿ ಏನು ಮಾಡುತ್ತಿದ್ದವೆಂದು ಕೇಳಿದರೆ ಲೇಖಕರು ಮಾತು ಹಾರಿಸುತ್ತಾರೆ. ನಮ್ಮ ಸೀಮೆಯ ದೆವ್ವಗಳು ಹೀಗೆ ನಿರುದ್ಯೋಗಿಗಳಾಗಿರಲಿಲ್ಲ. ಇಳಕಲ್ಲಿನ ನೇಕಾರರ ಓಣಿಯಲ್ಲಿ ದೆವ್ವವೂ ಮಗ್ಗದ ಕುಣಿಗೆ ಇಳಿದು ಲಾಳಿ ಎಸೆಯುತ್ತಿತ್ತಂತೆ; ಸೀರೆಯ ಮೈಗೆ ಸೆರಗನ್ನು ಜೋಡಿಸುವ ಹೊತ್ತು ಬಂದಾಗ ಮಾತ್ರ, ಅದು ಮನುಷ್ಯರಿಗೇ ಕಷ್ಟದ ಕೆಲಸವಾದ್ದರಿಂದ, ಮೆಲ್ಲನೆ ಎದ್ದು ಹೋಗುತ್ತಿತ್ತಂತೆ. ಹುನಗುಂದದಲ್ಲಿ ಕಚೇರಿಯ ಹಿಂದಿನ ಹುಣಸೆಮರದ ದೆವ್ವ ಕಚೇರಿ ನಡೆಯುವ ದಿನಗಳಲ್ಲಿ ಯಾರಿಗೂ ಕಾಣಿಸಿಕೊಳ್ಳುತ್ತಿರಲಿಲ್ಲ, ಸರಕಾರಿ ಮಂದಿಯನ್ನು ಹೆದರಿಸುವುದು ತನ್ನಿಂದಾಗದ ಮಾತೆಂಬ ವಿನಯದಿಂದ ಇದ್ದೀತು. ಬಾದಾಮಿಯ ಗುಡ್ಡದಲ್ಲಂತೂ ಮಂಗಗಳ ಉಪದ್ರವದಿಂದಾಗಿ ದೆವ್ವಗಳು ನೆಲೆಯೂರುವುದೇ ದುಸ್ತರವಾಗಿತ್ತೆಂದು ಕೇಳಿದ್ದೇನೆ. ನಮ್ಮ ಮನೆಯ ದೆವ್ವ ಆ ಬಾದಾಮಿಯದೇ.

ಅದು ನಮ್ಮ ಮನೆಗೆ ಬಂದದ್ದು ಪ್ಲೇಗಿನ ವರ್ಷ. ಈಗಿನವರಿಗೆ ಪ್ಲೇಗು ಎಂದರೆ ಶಾಲೆಯ ಪಾಠದಲ್ಲಿಯ ಒಂದು ಶಬ್ದ. ನಮಗೆ ಅದು ಋತುಗಳಲ್ಲೊಂದಾಗಿತ್ತು. ಅಟ್ಟದಿಂದ ಇಲಿ ಬಿತ್ತೆಂದರೆ ಮಾತು ಮುಗಿಯಿತು. ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಇಳಿಸಿಕೊಂಡು, ಬಾಗಿಲಿಗೆ ಕೀಲಿ ಜಡಿದು, ಊರಿಗೆ ಊರೇ ಹೊರಗಿನ ಹೊಲಗಳಿಗೆ ಹೋಗಿ ಜೋಳದ ದಂಟಿನ ಜೋಪಡಿ ಹಾಕಿಕೊಂಡು ಕೂಡುತ್ತಿತ್ತು. ನಾವೂ ಹಾಗೆ ಹೋದೆವು: ಕನ್ನಡ ಶಾಲೆಯ ಮಾಸ್ತರರಾಗಿದ್ದ ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಅಜ್ಜಿ, ನಾನು, ಮತ್ತು ನನ್ನ ತಂಗಿ ಚಂದ್ರಿ. ಬಲಗಡೆಯ ಜೋಪಡಿಯಲ್ಲಿ ನಮ್ಮ ಓಣಿಯವಳೇ ಆದ ಹುಸೇನಬಿ ತನ್ನ ಮಕ್ಕಳೊಡನೆ ಇದ್ದಳು. ಊರೊಳಗೆ ನಡುವೆ ನಾಲ್ಕು ಗೋಡೆ ಮತ್ತು ನಾಲ್ಕು ನಿಯಮ ಇಟ್ಟುಕೊಂಡಿದ್ದ ಮನೆಗಳು ಇಲ್ಲಿ ದಂಟಿನ ಸಂದಿಯಿಂದ ಒಬ್ಬರ ಅಡಿಗೆಯ ವಾಸನೆ ಒಬ್ಬರು ಕುಡಿಯುವಷ್ಟು ಹತ್ತಿರವಾಗಿದ್ದವು. ಶಾಲೆಯೂ ಮುಚ್ಚಿದ್ದರಿಂದ ನಾವು ಮಕ್ಕಳು ಅದೊಂದು ಮಹೋತ್ಸವವೆಂದೇ ಭಾವಿಸಿದ್ದೆವು. ಹೆಣಗಳು ಹೋಗುವ ದಾರಿ ಬೇರೆ ಕಡೆಗಿತ್ತು.

ಚಂದ್ರಿಗೆ ಮಾತ್ರ ಒಂದು ಕೊರಗಿತ್ತು. ಅವಳ ಕಟ್ಟಿಗೆಯ ಗೊಂಬೆ ಮನೆಯ ಅಟ್ಟದಲ್ಲೇ ಉಳಿದುಹೋಗಿತ್ತು. ಒಂದು ಮಧ್ಯಾಹ್ನ ದೊಡ್ಡವರೆಲ್ಲ ತೂಕಡಿಸುತ್ತಿದ್ದಾಗ ಅವಳು ಯಾರಿಗೂ ಹೇಳದೆ ಊರ ದಾರಿ ಹಿಡಿದಳು. ಕೀಲಿ ಹಾಕಿದ ಮುಂಬಾಗಿಲು ಅವಳನ್ನು ತಡೆಯುತ್ತಿರಲಿಲ್ಲ, ಹಿತ್ತಿಲ ಗೋಡೆಯ ಬಿರುಕು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಲಿ ಸತ್ತು ಬಿದ್ದ ಆ ಮನೆಯೊಳಗೆ ಮಗು ಕಾಲಿಟ್ಟರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಹೊಲದ ಬದುವಿನಲ್ಲಿ ಅಜ್ಜಿ ಅವಳನ್ನು ಹಿಡಿದಳು. ಬೈದರೆ ಮರುದಿನ ಮತ್ತೆ ಹೋಗುವ ಹುಡುಗಿ, ಹೊಡೆದರೆ ಅವತ್ತೇ ಹೋಗುವ ಹುಡುಗಿ ಎಂದು ಬಲ್ಲ ಅಜ್ಜಿ, ಏದುಸಿರು ಬಿಡುತ್ತ ಅಲ್ಲೇ ಕುಳಿತು ದೆವ್ವವೊಂದನ್ನು ಸೃಷ್ಟಿಸಿದಳು.

"ಮನ್ಯಾಗ ಆಕಿ ಇದ್ದಾಳ. ಅಟ್ಟದ ಏಣಿ ಮ್ಯಾಲೆ ಕೂತಾಳ," ಎಂದಳು.

ಸೃಷ್ಟಿ ಸುಲಭ, ಪಾಲನೆ ಕಷ್ಟ. ಚಂದ್ರಿ ಅಂಥಿಂಥ ಶ್ರೋತೃವಲ್ಲ. ದೆವ್ವದ ಹೆಸರೇನು ಎಂದು ಕೇಳಿದಳು. ಅಜ್ಜಿ ಒಂದು ಕ್ಷಣ ತಡೆದು, "ತುಂಗಿ" ಎಂದಳು. ಯಾವ ಊರು ಎಂದು ಕೇಳಿದಳು. ತನ್ನ ತವರೂರೇ ಬಾಯಿಗೆ ಬಂತೆಂದು ತೋರುತ್ತದೆ, "ಬದಾಮಿ" ಎಂದಳು. ಏನು ತಿನ್ನುತ್ತಾಳೆ? ಗುಡ್ಡದ ಕವಳಿಹಣ್ಣು. ಯಾರಿಗೆ ಅಂಜುತ್ತಾಳೆ? ಮಂಗಗಳಿಗೆ. ಎಂಥ ಸೀರೆ ಉಟ್ಟಿದ್ದಾಳೆ? ಕೆಂಪು. ಕೂದಲು ಎಷ್ಟುದ್ದ ಇದೆ? ಅಜ್ಜಿ ತನ್ನ ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, "ಇಲ್ಲ. ತಗಸ್ಯಾರ," ಎಂದಳು.

ದೆವ್ವವು ಅಜ್ಜಿಯನ್ನು ಹೋಲುತ್ತಿತ್ತೆಂಬುದು ನಮಗೆ ಯಾರಿಗೂ ವಿಚಿತ್ರವೆನಿಸಲಿಲ್ಲ. ಆ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ಗಂಡ ಸತ್ತು ತಲೆ ಬೋಳಿಸಿಕೊಂಡ ಒಬ್ಬಳು ಅತ್ತೆಯೋ ಅಜ್ಜಿಯೋ ಕೆಂಪು ಸೀರೆಯಲ್ಲಿ ಮೂಲೆ ಹಿಡಿದು ಕೂತೇ ಇರುತ್ತಿದ್ದಳು. ದೆವ್ವವಾದ ಮಾತ್ರಕ್ಕೆ ಅವಳು ಬೇರೆ ವೇಷ ಹಾಕಬೇಕೆಂದು ನಿರೀಕ್ಷಿಸುವ ಕಾರಣ ನಮಗಿರಲಿಲ್ಲ. ಅಜ್ಜಿಯ ಕಥೆ ಮಾತ್ರ ತನ್ನ ಕೆಲಸವನ್ನು ಪರಿಪೂರ್ಣವಾಗಿ ಮಾಡಿತು. ಚಂದ್ರಿ ಆಮೇಲೆ ಊರಿನ ದಿಕ್ಕಿಗೆ ಮುಖ ಮಾಡಿ ಕೂಡುವುದನ್ನೂ ಬಿಟ್ಟಳು. ಮಧ್ಯಾಹ್ನಗಳಲ್ಲಿ ಬೇವಿನ ನೆರಳಿಗೆ ಹುಸೇನಬಿಯ ಮಕ್ಕಳೂ ಸೇರಿ ತುಂಗಿಯ ಚರಿತ್ರೆಯನ್ನು ಕೇಳತೊಡಗಿದರು, ಮತ್ತು ಅಜ್ಜಿ, ಮೊದಮೊದಲು ನಿರ್ವಾಹವಿಲ್ಲದೆ ಹೇಳುತ್ತಿದ್ದವಳು, ಬರಬರುತ್ತ ನಾವು ಕೇಳದಿದ್ದರೂ ಹೇಳತೊಡಗಿದಳು. ತುಂಗಿ ಕೆರೆಯ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟದ್ದು, ತುಂಗಿಯ ಕೈಯಿಂದ ಮಂಗ ಬೆಲ್ಲದ ಉಂಡೆ ಕಿತ್ತುಕೊಂಡು ಹೋದದ್ದು, ತುಂಗಿ ಗುಡ್ಡ ಹತ್ತಿ ಹಾದಿ ತಪ್ಪಿದ್ದು. ದೆವ್ವದ ಕಥೆಯೆಂದು ಕೇಳಲು ಕೂತ ನಮಗೆ ಅದರಲ್ಲಿ ದೆವ್ವ ಕಡಿಮೆ, ಹುಡುಗಿ ಹೆಚ್ಚು ಎಂಬ ಅಸಮಾಧಾನ ಇತ್ತೆಂಬುದು ನಿಜ.

ಬಿಸಿಲು ಏರಿತು, ಪ್ಲೇಗು ಇಳಿಯಿತು. ಮನೆಗಳನ್ನು ತೆರೆದು, ಹೊಗೆ ಹಾಕಿ, ಸುಣ್ಣ ಬಳಿದು, ಒಂದೊಂದೇ ಸಂಸಾರ ಊರಿಗೆ ಮರಳತೊಡಗಿತು. ನಾವೂ ಗಂಟುಮೂಟೆ ಕಟ್ಟಿ ಹೋದೆವು. ಎಲ್ಲರೂ ಒಳಗೆ ಹೋದರು, ಚಂದ್ರಿ ಹೊಸ್ತಿಲಾಚೆ ನಿಂತಳು. ಕರೆದರು, ರಮಿಸಿದರು, ಗದರಿದರು. ಕೊನೆಗೆ ಅಪ್ಪ ಅವಳನ್ನು ಎತ್ತಿಕೊಂಡು ಒಳಗೆ ಬಂದರು. ಪಡಸಾಲೆ ದಾಟುವುದರೊಳಗೆ ಅವಳು ಕಿರುಚಿದ ದನಿಗೆ ಓಣಿ ನೆರೆಯಿತು. ಆ ಸಂಜೆ ಅವಳಿಗೆ ಜ್ವರ ಬಂತು. ಪ್ಲೇಗಿನ ವರ್ಷದಲ್ಲಿ ಮಗುವಿನ ಮೈ ಬಿಸಿಯಾದರೆ ತಾಯಿಯ ಮುಖ ಹೇಗಾಗುತ್ತದೆಂದು ನಾನು ಬಣ್ಣಿಸಲಾರೆ. ಅವ್ವ ಅವಳ ಕಂಕುಳನ್ನೂ ತೊಡೆಸಂದನ್ನೂ ಮತ್ತೆ ಮತ್ತೆ ಮುಟ್ಟಿ ನೋಡಿದಳು. ಗಂಟು ಇರಲಿಲ್ಲ, ಬರೀ ಭಯದ ಜ್ವರ. ಅಜ್ಜಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜೋಪಡಿಗೆ ಮರಳಿದಳು, ಜ್ವರ ಬಿಟ್ಟಿತು. ಹೀಗೆ ಖಾಲಿಯಾದ ಹೊಲದಲ್ಲಿ ಒಂದೇ ಜೋಪಡಿ ಉಳಿಯಿತು, ಅದರಲ್ಲಿ ಒಬ್ಬಳು ಮುದುಕಿ, ಒಂದು ಮಗು. ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು. ಹೊಲದೊಡೆಯ ಸಜ್ಜನ, ದಿನಾಲು ಬಂದು ದೂರದಲ್ಲಿ ನಿಂತು ನೆಲವನ್ನೂ ಮೋಡವನ್ನೂ ನೋಡಿ ಹೋಗುತ್ತಿದ್ದ. ಒಂದು ದಿನ ಮಾತ್ರ ಹೇಳಿದ: "ಇರ್ರಿ ಅಂತೇನ್ರಿ ಅವ್ವಾರ. ಆದರ ಮಳಿ ನನ್ನ ಮಾತ ಕೇಳೂದಿಲ್ರಿ." ದಂಟಿನ ಜೋಪಡಿ ಎರೆಹೊಲದ ಮೊದಲ ಮಳೆಗೆ ನಿಲ್ಲುವುದಿಲ್ಲ. ಅಷ್ಟರೊಳಗೆ ಚಂದ್ರಿಯನ್ನು ಮನೆ ತುಂಬಿಸಿಕೊಳ್ಳಬೇಕಾಗಿತ್ತು.

ಅಜ್ಜಿ ಮೊದಲು ಸತ್ಯವನ್ನು ಪ್ರಯೋಗಿಸಿದಳು. ತುಂಗಿ ಗಿಂಗಿ ಯಾರೂ ಇಲ್ಲ, ನೀನು ಮನೆಗೆ ಹೋಗಬಾರದೆಂದು ನಾನು ಕಟ್ಟಿ ಹೇಳಿದ್ದು, ಎಂದಳು. ಚಂದ್ರಿ ಅವಳನ್ನು ಕನಿಕರದಿಂದ ನೋಡಿದಳು. ದೊಡ್ಡವರು ಮಕ್ಕಳಿಗೆ ಸುಳ್ಳನ್ನು ಎಷ್ಟು ಕಳಕಳಿಯಿಂದ ಹೇಳುತ್ತಾರೆಂದರೆ, ಸತ್ಯ ಹೇಳುವಾಗ ಅವರಲ್ಲಿ ಅಷ್ಟು ಕಳಕಳಿ ಉಳಿದಿರುವುದಿಲ್ಲ. ಇಲ್ಲದವಳು ಕವಳಿಹಣ್ಣು ಹೇಗೆ ತಿಂದಳು ಎಂದು ಕೇಳಿದಳು.

ಅನಂತರ ಅಪ್ಪ ಶಾಸ್ತ್ರೀಯ ವಿಚಾರಸರಣಿಯನ್ನು ಹಿಡಿದರು. ದೆವ್ವವೆಂಬುದು ಭ್ರಾಂತಿ, ಮನೆಯಲ್ಲಿ ಇದ್ದದ್ದು ಸೂಕ್ಷ್ಮಜಂತು, ಅದು ಬರಿಗಣ್ಣಿಗೆ ಕಾಣದು, ಕತ್ತಲ ಮೂಲೆಗಳಲ್ಲಿ ವಾಸಿಸುತ್ತದೆ, ಮೈಯೊಳಗೆ ಹೊಕ್ಕು ಮನುಷ್ಯನನ್ನು ಕೊಲ್ಲುತ್ತದೆ, ಹೊಗೆ ಹಾಕಿದರೆ ಓಡಿಹೋಗುತ್ತದೆ ಎಂದು ಜೋಪಡಿಯ ಮುಂದೆ ನಿಂತು ತರಗತಿಯಲ್ಲಿ ಹೇಳುವಂತೆ ವಿವರಿಸಿದರು. ಚಂದ್ರಿ ಎಲ್ಲವನ್ನೂ ಗಮನವಿಟ್ಟು ಕೇಳಿ, "ಅಂದ್ರ ಇಬ್ಬರಿದ್ದಾರ," ಎಂದಳು.

ಹುಸೇನಬಿಗೆ ಇದರಲ್ಲಿ ಸ್ವಂತದ ಹಿತಾಸಕ್ತಿಯಿತ್ತು. ಅವಳ ಮಕ್ಕಳೂ ತುಂಗಿ ಗೋಡೆ ಹಾರಿ ತಮ್ಮ ಮನೆಗೂ ಬಂದಾಳೆಂದು ಒಳಮನೆಗೆ ಹೋಗಲು ಒಲ್ಲೆ ಎನ್ನುತ್ತಿದ್ದರು. ಅವಳು ಜೋಪಡಿಗೆ ಬಂದು, "ಅವ್ವಾರ, ನಿಮ್ಮ ದೆವ್ವ ನಮ್ಮ ಮನ್ಯಾಗೂ ಹೊಕ್ಕೈತ್ರಿ. ಬೇವಿನ ತಪ್ಪಲಿಲೆ ಬಡದು ಬಿಡಸವರು ಒಬ್ಬರು ಅದಾರ್ರಿ, ಕರಸೂಣೇನ್ರಿ?" ಎಂದಳು. ಅಜ್ಜಿ ಸಿಟ್ಟಾದದ್ದನ್ನು ನಾನು ನೋಡಿದ್ದು ಅವತ್ತು. "ಆಕಿ ಏನು ತಪ್ಪು ಮಾಡ್ಯಾಳಂತ ಬಡಸ್ತೀರಿ? ಗಂಡ ಸತ್ತ ಹೆಣ್ಣಮಗಳು, ಒಂದು ಮೂಲ್ಯಾಗ ಕೂತಾಳ. ಯಾರಿಗೆ ಏನ ಮಾಡ್ಯಾಳ?" ಎಂದಳು. ತಾನೇ ಸೃಷ್ಟಿಸಿ, ತಾನೇ ಇಲ್ಲವೆಂದು ಸಾರಿದ್ದ ದೆವ್ವದ ಪಕ್ಷವನ್ನು ಅಜ್ಜಿ ಅಷ್ಟು ಬಿರುಸಾಗಿ ವಹಿಸಿದ್ದು ಕಂಡು ಹುಸೇನಬಿ ಬೇವಿನ ಮಾತನ್ನು ಅಲ್ಲಿಗೇ ಬಿಟ್ಟಳು.

ದಾರಿ ಕಂಡದ್ದು ಅವ್ವನಿಗೆ. ಅವಳು ಜೋಪಡಿಗೆ ಬುತ್ತಿ ತಂದವಳು, ಮಾತನ್ನೆಲ್ಲ ಕೇಳಿ, ಬುತ್ತಿಯ ಗಂಟು ಬಿಚ್ಚುತ್ತ ಸಹಜವಾಗಿ ಹೇಳಿದಳು: "ಹೆಣ್ಣ ದೆವ್ವ ಅಲ್ಲೇನ್ರಿ? ಬಡದು ಯಾಕ ಓಡಸಬೇಕು. ಉಡಿ ತುಂಬಿ ಊರಿಗೆ ಕಳಸೂಣು." ನಮ್ಮ ಕಡೆ ಹೆಣ್ಣುಮಗಳು ಮನೆ ಬಿಟ್ಟು ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಅಡಿಕೆ, ಒಂದು ಕುಪ್ಪಸದ ಖಣ ಹಾಕಿ, ಹಣೆಗೆ ಕುಂಕುಮವಿಟ್ಟು ಕಳಿಸುತ್ತಾರೆ. ಉಡಿ ತುಂಬಿಸಿಕೊಂಡವಳು ಮತ್ತೆ ಒಳಗೆ ಕೂಡುವುದಿಲ್ಲ, ಹೊರಡಲೇಬೇಕು. ಚಂದ್ರಿ ಈ ಪ್ರಸ್ತಾವವನ್ನು ತೂಗಿ ನೋಡಿ ಒಪ್ಪಿದಳು. ಬಡಿದು ಓಡಿಸಿದ ದೆವ್ವ ಸಿಟ್ಟಿನಿಂದ ಮರಳಿ ಬಂದೀತು. ಉಡಿ ತುಂಬಿ ಕಳಿಸಿದವಳು ಕರೆಯದೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಒಪ್ಪದವಳು ಅಜ್ಜಿ. "ಆಕಿಗೆ ಹ್ಯಾಂಗ ಉಡಿ ತುಂಬತೀ? ಆಕಿ ತಲಿ ಬೋಳು," ಎಂದಳು. ಮಾತು ನಿಜ. ಉಡಿ ಮುತ್ತೈದೆಗೆ. ಗಂಡ ಸತ್ತವಳಿಗೆ ಉಡಿಯಿಲ್ಲ, ಕುಂಕುಮವಿಲ್ಲ, ಖಣವಿಲ್ಲ. ಯಾಕೆಂದರೆ ಅವಳನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಮುತ್ತೈದೆಯನ್ನು ಬೀಳ್ಕೊಡಲು ಇಷ್ಟೆಲ್ಲ ಸಂಭ್ರಮ ಹೂಡಿದ ನಮ್ಮ ಹಿರಿಯರು ವಿಧವೆಯನ್ನು ಬೀಳ್ಕೊಡುವ ಕ್ರಮವನ್ನೇ ಮರೆತಿದ್ದರು. ಹೀಗಾಗಿ ಒಂದು ಯಃಕಶ್ಚಿತ್ ದೆವ್ವವನ್ನು ಅಟ್ಟದ ಏಣಿಯಿಂದ ಇಳಿಸಲು ಶಾಸ್ತ್ರದಲ್ಲಿ ದಾರಿಯಿಲ್ಲದಂತಾಯಿತು.

ಆಗ ಅಪ್ಪ, ದೆವ್ವವೇ ಇಲ್ಲವೆಂದು ಸಾರಿದ್ದ ಅದೇ ಅಪ್ಪ, ಗಂಟಲು ಸರಿಮಾಡಿಕೊಂಡು ತರ್ಕಕ್ಕೆ ಇಳಿದರು. "ಆಕಿ ಗಂಡ ಮೊದಲ ಸತ್ತಾನ, ಹೌದಲ್ಲೊ? ಆಮ್ಯಾಲೆ ಈಕಿನೂ ಸತ್ತಾಳ, ಅದಕ್ಕ ದೆವ್ವ ಆಗ್ಯಾಳ. ಅಂದಮ್ಯಾಲೆ ಇಬ್ಬರೂ ಈಗ ಒಂದ ಕಡೆ ಇದ್ದಾರ. ಲೆಕ್ಕಾ ನೋಡಿದ್ರ ಈಗ ಆಕಿ ಮುತ್ತೈದಿನ." ಕಾಶಿಯ ಪಂಡಿತರೂ ತಲೆದೂಗಬಹುದಾಗಿದ್ದ ವಾದ. ಅವ್ವ ಮಾತ್ರ ಅಪ್ಪನ ಕಡೆ ನೋಡದೆ ಅಜ್ಜಿಯ ಕಡೆ ನೋಡಿ ಹೇಳಿದಳು: "ಮುತ್ತೈದಿ ಇರಲಿ, ಇಲ್ಲದಿರಲಿ. ಮನಿ ಬಿಟ್ಟು ಹೋಗೂ ಹೆಂಗಸನ್ನ ಬರೇ ಉಡಿಲೆ ಕಳಸೂದು ನನಗ ಆಗೂದಿಲ್ರಿ ಅತ್ತೀರ."

ಇನ್ನೊಂದು ತೊಡಕು ಉಳಿದಿತ್ತು. ಉಡಿ ಹಿಡಿಯಲು ಸೆರಗು ಬೇಕು, ದೆವ್ವದ ಸೆರಗಿಗೆ ಅಕ್ಕಿ ನಿಲ್ಲುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಎಲ್ಲ ಕರ್ಮಗಳಿಗೂ ಪ್ರತಿನಿಧಿ ಇರಬಹುದೆಂದು ಅಪ್ಪ ಸೂಚಿಸಿದರು. ತುಂಗಿಯಂತೆಯೇ ಕೆಂಪು ಸೀರೆಯವಳು, ತುಂಗಿಯ ಊರಿನವಳು, ತುಂಗಿಯ ಪರಿಚಯವುಳ್ಳವಳು ನಮ್ಮಲ್ಲಿ ಒಬ್ಬಳೇ ಇದ್ದಳು. "ನೀವ ಹಿಡೀರಿ," ಎಂದಳು ಅವ್ವ.

ಮರುದಿನ ಬೆಳಿಗ್ಗೆ ಅಟ್ಟದ ಏಣಿಯ ಬುಡದಲ್ಲಿ ಅಜ್ಜಿ ಸೆರಗು ಹಿಡಿದು ನಿಂತಳು. ಮೇಲ್ವಿಚಾರಕಿಯಾದ ಚಂದ್ರಿ ಓಣಿಯಲ್ಲಿ ನಿಂತು ತೆರೆದ ಬಾಗಿಲಿನಿಂದ ನೋಡುತ್ತಿದ್ದಳು. ಅವ್ವ ಬೊಗಸೆ ತುಂಬ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಗುಳೇದಗುಡ್ಡದ ಹೊಸ ಖಣ ಇಟ್ಟಳು. ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದವಳು ಅಜ್ಜಿಯ ಹಣೆಯ ಮುಂದೆ ಒಮ್ಮೆ ತಡೆದು, ಆ ಬೆರಳನ್ನು ಖಣದ ಮೇಲೆ ಒತ್ತಿದಳು. ಹೊರಡುವವಳು ಒಂದು ಚಿಟಿಕೆ ಅಕ್ಕಿಯನ್ನು ಮನೆಗೆ ಮರಳಿ ಬಿಟ್ಟು ಹೋಗುವ ಪದ್ಧತಿ. ಅಜ್ಜಿ ಅದನ್ನು ಮರೆತಿರಲಿಲ್ಲ.

ಉಡಿಯನ್ನು ಬಾದಾಮಿಗೆ ಮುಟ್ಟಿಸಬೇಕಾಗಿತ್ತು, ಮತ್ತು ಚಂದ್ರಿ ಅದನ್ನು ಕಣ್ಣಾರೆ ನೋಡದೆ ಒಪ್ಪುವವಳಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಬಾದಾಮಿ ರೈಲಿನಲ್ಲಿ ಎಷ್ಟರ ದೂರ? ಆದರೂ ಅಜ್ಜಿ ತವರಿಗೆ ಹೋಗದೆ ಅಪ್ಪನ ವಯಸ್ಸಿನಷ್ಟು ಕಾಲವಾಗಿತ್ತು. ಅಪ್ಪ ತೊಟ್ಟಿಲಲ್ಲಿದ್ದಾಗ ಅಜ್ಜ ತೀರಿಕೊಂಡ. ಆ ವರ್ಷ ಅಜ್ಜಿ ಕೆಂಪು ಸೀರೆಯಲ್ಲಿ ಒಮ್ಮೆ ತವರಿಗೆ ಹೋದಾಗ, ಅವಳ ತಾಯಿ ಮಗಳ ತಲೆಯನ್ನು ನೋಡಿ ಕುಸಿದು, ಬಹಳ ದಿನ ಅನ್ನ ಬಿಟ್ಟಳಂತೆ. ಅಜ್ಜಿಯ ಅಣ್ಣ, "ಅವ್ವನ ಕಣ್ಣಿಗೆ ಬೀಳಬ್ಯಾಡ ತಂಗಿ," ಎಂದು ಕೈಮುಗಿದನಂತೆ. ಅಜ್ಜಿ ಬೀಳಲಿಲ್ಲ. ಮನೆಯಲ್ಲಿದ್ದೂ ಯಾರ ಕಣ್ಣಿಗೂ ಬೀಳದಿರುವುದೇ ದೆವ್ವದ ಲಕ್ಷಣವೆಂದರೆ, ನಮ್ಮ ಅಜ್ಜಿ ಆ ವಿದ್ಯೆಯನ್ನು ಬದುಕಿರುವಾಗಲೇ ಕಲಿತಿದ್ದಳು.

ರೈಲಿನಲ್ಲಿ ಅಪ್ಪ, ಅಜ್ಜಿ, ನಾನು, ಚಂದ್ರಿ. ಅಜ್ಜಿಯ ಪಕ್ಕದಲ್ಲಿ ಚಂದ್ರಿ ಒಂದು ಜಾಗ ಖಾಲಿ ಬಿಡಿಸಿದ್ದಳು. ಮೈಕೈ ತುಂಬಿಕೊಂಡ ಒಬ್ಬ ವ್ಯಾಪಾರಿ ಅಲ್ಲಿ ಕೂಡಲು ಬಂದಾಗ, "ಅಲ್ಲೆ ಕೂಡಬ್ಯಾಡ್ರಿ, ನಮ್ಮ ತುಂಗಿ ಕೂತಾಳ," ಎಂದಳು. ಯಾವ ತುಂಗಿ ಎಂದು ಅವನು ಕೇಳಿದ್ದಕ್ಕೆ ಸವಿಸ್ತಾರವಾಗಿ ಹೇಳಿದಳು. ಅವನು ಮುಂದಿನ ಸ್ಟೇಷನ್ನಿನವರೆಗೂ ಬಾಗಿಲ ಬಳಿ ನಿಂತೇ ಹೋದ. ಎದುರಿನ ಹೆಂಗಸೊಬ್ಬಳು ಬೋಳು ತಲೆಯವಳ ತುಂಬಿದ ಉಡಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅಪ್ಪ ಕಿಟಕಿಯಿಂದ ಹೊರಗೆ ತಲೆ ಹಾಕಿ ಜೀವಮಾನದಲ್ಲಿ ಕಾಣದವರಂತೆ ಬರಿದಾದ ಎರೆಹೊಲಗಳನ್ನು ಅವಲೋಕಿಸುತ್ತಿದ್ದರು. ಅಜ್ಜಿ ಎರಡೂ ಕೈಯಿಂದ ಉಡಿ ಹಿಡಿದು ಕೂತಿದ್ದಳು, ದಾರಿಯುದ್ದಕ್ಕೂ ಒಮ್ಮೆಯೂ ಸಡಿಲಿಸಲಿಲ್ಲ.

ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಊರಿಗೆ ಬಂದು ಕೆರೆಯ ದಂಡೆಯ ಓಣಿಯಲ್ಲಿ ಒಂದು ಮನೆಯ ಮುಂದೆ ಇಳಿದೆವು. ಬಾಗಿಲಿಗೆ ಬಂದ ಮುದುಕ ಅಜ್ಜಿಯ ಅಣ್ಣ. ಅವನು ತಂಗಿಯನ್ನು ನೋಡಿದ, ಉಡಿಯನ್ನು ನೋಡಿದ, "ಬಂದಿ?" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ. ಪಡಸಾಲೆಯ ಮೂಲೆಯಲ್ಲಿ, ಕಂಬಕ್ಕೊರಗಿ, ಒಣಗಿ ಚಿಕ್ಕದಾದ ಒಬ್ಬ ಹಣ್ಣುಹಣ್ಣು ಮುದುಕಿ ಕೂತಿದ್ದಳು. ಅಜ್ಜಿಯ ತಾಯಿ. ಅವಳ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಯಾರ ಕಣ್ಣಿಗೆ ಬೀಳಬಾರದೆಂದು ಅಜ್ಜಿ ಒಂದು ಆಯುಷ್ಯ ದೂರವಿದ್ದಳೋ ಆ ಕಣ್ಣುಗಳೇ ಅಲ್ಲಿರಲಿಲ್ಲ. ನೆನಪೂ ಹಿಂದುಮುಂದಾಗಿತ್ತು. ಅಣ್ಣ ಇದ್ಯಾವುದನ್ನೂ ತಿಳಿಸಿರಲಿಲ್ಲ, ಅಜ್ಜಿ ಕೇಳಿರಲಿಲ್ಲ.

"ಯಾರು ಬಂದ್ರು?" ಎಂದಳು ಮುದುಕಿ.

ಅಜ್ಜಿ ಹೋಗಿ ಎದುರಿಗೆ ಕೂತಳು. ಮುದುಕಿಯ ಕೈ ತಡಕಾಡುತ್ತ ಬಂದು ಮೊದಲು ಉಡಿಯನ್ನು ಮುಟ್ಟಿತು. ಅಕ್ಕಿ, ಕೊಬ್ಬರಿ, ಖಣದ ಮಡಿಕೆ, ಒಂದೊಂದನ್ನೇ ಗುರುತು ಹಿಡಿಯಿತು. "ತುಂಬಿದ ಉಡೀಲೆ ಬಂದೀಯಲ್ಲಾ. ಅತ್ತಿಮನಿಯವರು ಛಲೋ ಕಳಿಸ್ಯಾರ," ಎಂದು, ಕೈಯನ್ನು ಮುಖಕ್ಕೆ ತಂದು, ಮೂಗನ್ನೂ ಗದ್ದವನ್ನೂ ಸವರಿ, ಕೇಳಿದಳು: "ತುಂಗಿ ಏನು?"

"ಹೂಂ ಅವ್ವಾ," ಎಂದಳು ಅಜ್ಜಿ. "ತುಂಗಿ."

ಚಕ್ಕಡಿಯವನಿಗೆ ಏನೋ ಹೇಳುತ್ತಿದ್ದ ಅಪ್ಪ ಅರ್ಧಕ್ಕೆ ಮಾತು ನಿಲ್ಲಿಸಿದರು. ನಮ್ಮ ಮನೆಯಲ್ಲಿ ಅಜ್ಜಿಯ ಹೆಸರು ಸೀತಾಬಾಯಿ. ಮದುವೆಯ ದಿನ ಮದುಮಗಳಿಗೆ ಹೊಸ ಹೆಸರಿಡುವುದು, ಆಮೇಲೆ ಅತ್ತೆಯ ಮನೆಯಲ್ಲಿ ಹಳೆಯ ಹೆಸರನ್ನು ಯಾರೂ ಎತ್ತದಿರುವುದು ನಮ್ಮಲ್ಲಿಯ ರಿವಾಜು. ತಮ್ಮನ್ನು ಒಬ್ಬಳೇ ಸಾಕಿ ಬೆಳೆಸಿದ ತಾಯಿಗೆ ಇನ್ನೊಂದು ಹೆಸರಿತ್ತೆಂಬುದನ್ನು, ಸೂಕ್ಷ್ಮಜಂತುಗಳವರೆಗೆ ಎಲ್ಲವನ್ನೂ ಬಲ್ಲ ಅಪ್ಪ, ಅವತ್ತು ಆ ಹೊಸ್ತಿಲಲ್ಲಿ ತಿಳಿದರು.

ಮುದುಕಿಯ ಕೈ ಕೆಂಪು ಸೆರಗಿನ ಅಡಿಗೆ ಹೋಗಿ ತಲೆಯನ್ನು ಮುಟ್ಟಿತು. ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ಬೆಳೆದು ಮೊನಚಾಗಿದ್ದ ಮೊಳಕೆಗೂದಲ ಮೇಲೆ ಆ ಕೈ ಒಂದಿಷ್ಟು ಹೊತ್ತು ಆಡಿತು. ಆಮೇಲೆ ಮುದುಕಿ ಬೇಸರದಿಂದ, ಮಕ್ಕಳನ್ನು ಗದರುವ ದನಿಯಲ್ಲಿ, "ಹೆರಳ ಯಾರು ಬಿಚ್ಚಿದ್ರು? ತಿರುಗಿ ಕೂಡು, ಹಾಕ್ತೇನಿ," ಎಂದಳು.

ಅಜ್ಜಿ ತಿರುಗಿ ಕೂತಳು. ಮುದುಕಿ ಎರಡೂ ಕೈಯಿಂದ ಗಾಳಿಯನ್ನು ಮೂರು ಎಳೆಯಾಗಿ ಬಿಡಿಸಿ, ಒಂದರ ಮೇಲೊಂದು ಹಾಕಿ, ಬಿಗಿಯಾಗಿ ಎಳೆದು, ಕತ್ತಿನಿಂದ ಬೆನ್ನಿನವರೆಗೂ ಹೆರಳು ಹಾಕುತ್ತ ಇಳಿದಳು. ಅವಳು ಎಳೆದಾಗಲೆಲ್ಲ ಅಜ್ಜಿಯ ತಲೆ ನಿಜವಾಗಿಯೂ ಒಂದಿಷ್ಟು ಹಿಂದಕ್ಕೆ ವಾಲುತ್ತಿತ್ತು. ತುದಿಯಲ್ಲಿ ಗಂಟು ಹಾಕಿ, "ಭಾಳ ಕೂದಲ ನಿನಗ," ಎಂದು ಗೊಣಗಿಕೊಂಡಳು. ಅಜ್ಜಿ ಉಡಿಯನ್ನು ಎರಡೂ ಕೈಯಿಂದ ಹಿಡಿದೇ ಇದ್ದಳು, ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ನಾನು ಆಮೇಲೆ ಬಹಳ ದೆವ್ವದ ಕಥೆಗಳನ್ನು ಓದಿದ್ದೇನೆ. ಇಲ್ಲದ ಕೂದಲನ್ನು ಹೆಣೆಯುವ ಆ ಕೈಗಳಿಗಿಂತ ಹೆಚ್ಚಿನದೇನನ್ನೂ ಅವುಗಳಲ್ಲಿ ಕಂಡಿಲ್ಲ. ನನಗೆ ಭಯವಾಗಲಿಲ್ಲ, ಅವತ್ತು ಯಾಕೆ ಅಳು ಬಂತೆಂದು ಮಾತ್ರ ತಿಳಿಯಲಿಲ್ಲ.

ಚಂದ್ರಿಗೆ ಎಲ್ಲವೂ ಕ್ರಮಬದ್ಧವಾಗಿ ನಡೆದಿತ್ತು. ತುಂಗಿಯನ್ನು ಅವಳ ಊರಿಗೆ ತಂದೆವು, ಅವಳ ತಾಯಿಯೇ ಹೆಸರು ಹಿಡಿದು ಗುರುತಿಸಿದಳು, ಹೆರಳೂ ಹಾಕಿದಳು. ಇನ್ನು ಮರಳಿ ಬರಲು ಅವಳಿಗೇನು ಹುಚ್ಚೇ? ಸಂಜೆಯ ರೈಲಿನಲ್ಲಿ ಅವಳು ಅಜ್ಜಿಯ ಪಕ್ಕದ ಖಾಲಿ ಜಾಗಕ್ಕೆ ತಾನೇ ಸರಿದು ಕೂತು, "ನಾವು ಬಿಟ್ಟ ಬಂದಿಂದ ಆಕಿ ಅತ್ತಳೇನು?" ಎಂದು ಕೇಳಿದಳು.

"ಮಂದಿ ಮುಂದ ಅಳೂದಿಲ್ಲ ಆಕಿ," ಎಂದಳು ಅಜ್ಜಿ.

ಮನೆಗೆ ಬಂದವಳೇ ಚಂದ್ರಿ ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಏಣಿ ಹತ್ತಿ ತನ್ನ ಗೊಂಬೆಯನ್ನು ಇಳಿಸಿಕೊಂಡಳು. ಅದರ ಮರುದಿನವೇ ಮಳೆ ಹೊಡೆಯಿತೆಂದು ಹೇಳಿದರೆ ಕಥೆಗೆ ಒಪ್ಪುತ್ತಿತ್ತು. ಆದರೆ ಆ ಸಲ ಮಳೆ ತಡವಾಯಿತು, ಹೊಲದೊಡೆಯ ಸುಮ್ಮನೆ ಅವಸರ ಮಾಡಿದೆನಲ್ಲ ಎಂದು ಪೇಚಾಡಿದ. ಅಜ್ಜಿಯ ಜೊತೆಗೇ ಮರಳಿ ಬಂದ ಖಣವನ್ನು ಬೋಳು ತಲೆಯವಳು ಹೊಲಿಸಿಕೊಳ್ಳುವಂತಿರಲಿಲ್ಲವಾದ್ದರಿಂದ ಅದು ಚಂದ್ರಿಯ ಪೋಲಕವಾಯಿತು. ದೆವ್ವಕ್ಕೆ ಹೆದರಿ ಜ್ವರ ಬಂದಿದ್ದ ಹುಡುಗಿ ದೆವ್ವದ ಖಣವನ್ನು ತೋಳು ಬಿಗಿಯಾಗುವವರೆಗೂ ತೊಟ್ಟುಕೊಂಡು ಮೆರೆದಳು.

ಆಮೇಲೆ ವರ್ಷಕ್ಕೊಮ್ಮೆ ಅಜ್ಜಿ, "ತುಂಗಿ ಹ್ಯಾಂಗಿದ್ದಾಳ ನೋಡಿ ಬರ್ತೇನಿ," ಎನ್ನುತ್ತಿದ್ದಳು. ಅವ್ವ ಏಣಿಯ ಬುಡದಲ್ಲಿ ನಿಂತು, ತುಂಗಿಗೆಂದು ಹೇಳಿ, ಅಜ್ಜಿಯ ಸೆರಗಿಗೆ ಉಡಿ ತುಂಬುತ್ತಿದ್ದಳು. ಅಪ್ಪ ರೈಲಿಗೆ ಕರೆದುಕೊಂಡು ಹೋಗುತ್ತಿದ್ದರು. ಬಾದಾಮಿಯ ಮುದುಕಿ ಇರುವವರೆಗೂ ಇದು ನಡೆಯಿತು. ವಿಧವೆಗೆ ಉಡಿ ತುಂಬುವ ಅನಾಚಾರ ನಮ್ಮ ಮನೆತನದಲ್ಲಿ ಎಂದೂ ನಡೆದಿಲ್ಲವೆಂದು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ನಾವು ತುಂಬಿದ್ದು ದೆವ್ವಕ್ಕೆ.

ಮೊನ್ನೆ ಮೊಮ್ಮಗಳು ಆ ಪುಸ್ತಕವನ್ನು ನನ್ನ ಮುಂದೆ ಹಿಡಿದು, "ಅಜ್ಜಾ, ಈಕಿ ಕೂದಲ ಹಿಂಗ್ಯಾಕ ಬಿಟ್ಟಾಳ?" ಎಂದು ಕೇಳಿದಳು. ದೆವ್ವಗಳ ಕೇಶವಿನ್ಯಾಸದ ಮೇಲೆ ನನ್ನಲ್ಲಿದ್ದ ವಿಮರ್ಶೆಯನ್ನೆಲ್ಲ ಮಂಡಿಸಲು ಒಳ್ಳೆಯ ಅವಕಾಶ. ಯಾಕೋ ಮಂಡಿಸಲಿಲ್ಲ. ಇರಲಿ, ಅವಳಿಗಾದರೂ ಅಷ್ಟು ಕೂದಲಿರಲಿ, ಎನ್ನಿಸಿತು. "ಅವರವ್ವನ ಮನಿಗೆ ಹೋಗಿಲ್ಲ ಇನ್ನಾ, ಹೆರಳ ಹಾಕವರು ಯಾರಿಲ್ಲ," ಎಂದೆ. ಅವಳು ಚಿತ್ರವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಪಾಟಿಚೀಲದಿಂದ ಪೆನ್ಸಿಲ್ ತೆಗೆದು, ಪುಟದ ಅಂಚಿನವರೆಗೆ ಹರಿದಿದ್ದ ಆ ಕೂದಲನ್ನೆಲ್ಲ ಒಟ್ಟುಗೂಡಿಸಿ, ನಾಲಿಗೆ ಹೊರಗೆ ಚಾಚಿಕೊಂಡು, ದಪ್ಪನೆಯ ಒಂದು ಹೆರಳು ಬರೆಯತೊಡಗಿದಳು. ಪುಸ್ತಕ ಶಾಲೆಯದು, ಕಲಿಸುವ ಬಾಯಿಯವರು ಕೇಳಿದರೆ ಅಜ್ಜನೇ ಬರೆಯಲು ಹೇಳಿದನೆಂದು ಹೇಳು, ಎಂದೆ.